ತೊಟ್ಟಿಲಿಗೆ ನಯವಾದ ಬಣ್ಣ

(ಮಾಕವಳ್ಳಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಮರಕ್ಕೆ ಬಣ್ಣ ಹೊಡೆಯೋದು ಗಂಡಸರ ಕೆಲಸ ಅಂತ ಹೇಳ್ತಾರೆ. ಚನ್ನಪಟ್ಟಣಕ್ಕೆ ಹೋಗಿ ನೋಡಿ. ಅಲ್ಲಿ ಗೊಂಬೆ ಮಾಡುವ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ಹಾಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತದೆ. ಅದಕ್ಕೆ ಬಣ್ಣದ ಅರಗು ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಆಮೇಲೆ ಕೇದಗೆ ಗರಿಯಿಂದ ತಿಕ್ಕುತ್ತಾರೆ. ಗೊಂಬೆ ಕನ್ನಡಿ ಹಾಗೆ ಹೊಳೆಯುತ್ತದೆ. ನಯ ಬರೋದು ತಿಕ್ಕುವುದರಿಂದ. ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆದರೂ ಅದೇ ಮಾತು.

ಇದು ನಮಗೆ ಮೊದಲು ಗೊತ್ತಿರಲಿಲ್ಲ. ನಾವು ನಾಲ್ಕು ಜನ ಸೇರಿ ಗನ್ ಬಾಡಿಗೆಗೆ ತಂದೆವು. ಒಂದು ಹೊಸ ತೊಟ್ಟಿಲಿಗೆ ಬಣ್ಣ ಹೊಡೆಯಲು ಒಪ್ಪಿಕೊಂಡೆವು. ಮರ ಉಜ್ಜಲು ಉಪ್ಪು ಕಾಗದ ಬೇಕು. ಅಂಗಡಿಯಲ್ಲಿ ಅದನ್ನು ಸ್ಯಾಂಡ್ ಪೇಪರ್ ಅಂತಾರೆ. ಅದರ ಹಿಂದೆ ನಂಬರ್ ಇರುತ್ತೆ. ಸಣ್ಣ ನಂಬರ್ ಅಂದರೆ ನುಣುಪು ಕಾಗದ ಅಂದುಕೊಂಡೆವು. ಮೊದಲು 220, ಕೊನೆಗೆ 80 ಹಾಕಿ ಉಜ್ಜಿದೆವು. ಬಣ್ಣ ಒಣಗಿದ ಮೇಲೆ ನೋಡಿದರೆ ತೊಟ್ಟಿಲ ತುಂಬ ಗೀರು! ಆ ಕೂಲಿ ನಮಗೆ ಸಿಗಲಿಲ್ಲ. ಬಣ್ಣದ ದುಡ್ಡೂ ಹೋಯಿತು.

ನೆನಪಿಡಿ. 80 ಒರಟು. 120 ನಡುವೆ. 220 ನುಣುಪು. ನಂಬರ್ ಏರಿದಷ್ಟೂ ಕಾಗದ ನಯ. ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಅಡ್ಡ ಉಜ್ಜಬಾರದು. ಆಮೇಲೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಚೆನ್ನಾಗಿ ಒಣಗಿಸಿ. ಪ್ರೈಮರ್ ಹೊಡೆದಾಗ ಮರದ ನಾರು ಎದ್ದು ನಿಲ್ಲುತ್ತೆ. ಕೈಗೆ ತರಿತರಿ ಸಿಗುತ್ತೆ. ಒಣಗಿದ ಮೇಲೆ ಇನ್ನೊಂದು ಸಲ 220ರಲ್ಲಿ ಹಗುರವಾಗಿ ಉಜ್ಜಿ, ಒರೆಸಿ.

ಈಗ ಬಣ್ಣ. ಹಳೆ ತೆಳು ಬಟ್ಟೆಯಲ್ಲಿ ಸೋಸಿ ಗನ್ನಿಗೆ ಹಾಕಿ. ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ. ಗನ್ನು ಮರದಿಂದ ಒಂದು ಗೇಣು ದೂರ ಇರಲಿ. ಹತ್ತಿರ ಹಿಡಿದರೆ ಬಣ್ಣ ಸೋರಿ ಇಳಿಯುತ್ತೆ. ದೂರ ಹಿಡಿದರೆ ಗಾಳಿಯಲ್ಲೇ ಒಣಗಿ ರವೆ ಹಾಗೆ ಕೂರುತ್ತೆ. ಕೈ ಒಂದೇ ಸಮ ನೇರವಾಗಿ ಹೋಗಲಿ. ಸಾರಣೆ ಮಾಡುವಾಗ ಒಂದು ಪಟ್ಟೆ ಮೇಲೆ ಇನ್ನೊಂದು ಪಟ್ಟೆ ಸ್ವಲ್ಪ ಹತ್ತಿಸ್ತೀವಲ್ಲ? ಇಲ್ಲಿ ಅರ್ಧ ಹತ್ತಿಸಬೇಕು. ಒಂದೇ ಸಲ ದಪ್ಪ ಹೊಡೆಯಬೇಡಿ. ತೆಳುವಾಗಿ ಎರಡು, ಮೂರು ಸಲ ಹೊಡೆಯಿರಿ. ನಡುವೆ ಒಣಗಲು ಬಿಡಿ. ಕಬ್ಬಿನ ಗಾಡಿ ಓಡಾಡುವ ರಸ್ತೆ ಪಕ್ಕ ಈ ಕೆಲಸ ಬೇಡ. ಧೂಳು ಕೂತರೆ ಎಲ್ಲಾ ಹಾಳು.

ಇನ್ನೊಂದು ದೊಡ್ಡ ಮಾತಿದೆ. ತವರಿನಿಂದ ಬಂದ ಹಳೆ ತೊಟ್ಟಿಲು ಎಷ್ಟೋ ಮನೆಯಲ್ಲಿ ಇರುತ್ತೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಸೀಸ ವಿಷ. ಮಗು ತೊಟ್ಟಿಲ ಅಂಚು ಕಚ್ಚುತ್ತೆ. ಸೀಸ ಮೈ ಸೇರಿದರೆ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು. ಅದಕ್ಕೇ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್‌ನಿಂದ ಜಾರಿಗೆ ಬಂತು. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲು ಮೀರಬಾರದು. ಆದರೆ ಅದಕ್ಕೂ ಹಿಂದಿನ ಬಣ್ಣಕ್ಕೆ ಯಾರು ಹೊಣೆ? ಹಳೆ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ. ವಾಟರ್ ಪೇಪರ್ ತನ್ನಿ. ನೀರು ಹಾಕಿ, ಮನೆ ಹೊರಗೆ ಉಜ್ಜಿ. ಬಸುರಿಯರು, ಮಕ್ಕಳು ಹತ್ತಿರ ಬರಬಾರದು. ಕೆಲಸ ಮುಗಿದ ಮೇಲೆ ಕೈಕಾಲು ತೊಳೆದು, ಸೀರೆ ಬದಲಾಯಿಸಿ ಮಗು ಎತ್ತಿಕೊಳ್ಳಿ.

ತಿನ್ನರ್‌ಗೆ ಬೇಗ ಬೆಂಕಿ ಹತ್ತುತ್ತೆ. ಒಲೆ, ಬೀಡಿ ದೂರ ಇರಲಿ. ಮೂಗಿಗೆ ಸೆರಗು ಕಟ್ಟಿದರೆ ಅದರ ಆವಿ ನಿಲ್ಲೋದಿಲ್ಲ. ಬಣ್ಣದ ಕೆಲಸಕ್ಕೆ ಅಂತಲೇ ಬರುವ ಮಾಸ್ಕ್ ಹಾಕಿ. ಗಾಳಿ ಆಡುವ ಕಡೆ ನಿಲ್ಲಿ. ಬಣ್ಣ ಪೂರ್ತಿ ಒಣಗಿ ವಾಸನೆ ಹೋಗುವ ತನಕ ಮಗುವನ್ನು ಮಲಗಿಸಬೇಡಿ.

ಅಕ್ಕಂದಿರೇ, ನಮ್ಮ ಕೂಲಿ ಹೋದದ್ದು ಕೈ ಸೋತು ಅಲ್ಲ. ಅಂಕಿಯ ಅರ್ಥ ತಿಳಿಯದೆ. ಈಗ ನಾವು ಓದಬಲ್ಲೆವು. ತಿಳಿಯದ್ದನ್ನು ಕೇಳಬಲ್ಲೆವು. ಕಾಗದದ ನಂಬರ್ ನೋಡಿ ತನ್ನಿ. ಡಬ್ಬದ ಮೇಲಿನ ಅಂಕಿ ಓದಿ ಕೆಲಸ ಶುರು ಮಾಡಿ. ತೊಟ್ಟಿಲು ನಯವಾಗಲಿ, ಮಗು ಚೆನ್ನಾಗಿರಲಿ, ಕೂಲಿಯೂ ಕೈಸೇರಲಿ.