ಸಾಮಾನ್ಯರು ಕಟ್ಟಿದ ಭರವಸೆ

(ಮಠದ ಮಹೋತ್ಸವದ ಅಂಗವಾಗಿ ಔರಾದದಲ್ಲಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಮಠದವರಿಂದ ಅಪ್ಪಣೆಯಾಗಿದೆ. ಮಹೋತ್ಸವದ ಸಭೆಗಳಲ್ಲಿ ಮಹಾಪುರುಷರ ಗುಣಗಾನವನ್ನು ಮಾಡುವುದು ರೂಢಿ. ಅದು ಯೋಗ್ಯವೂ ಅಹುದು. ಆದರೆ ಒಬ್ಬ ಮಹಾಪುರುಷನ ಹಿಂದೆ ಸಾವಿರಾರು ಮಂದಿ ಸಾಮಾನ್ಯರು ನಿಂತಿರುತ್ತಾರೆ. ಅವರ ಹೆಸರುಗಳು ಶಿಲಾಶಾಸನದಲ್ಲಿಯೂ ಇರುವುದಿಲ್ಲ, ಸ್ಮರಣಸಂಚಿಕೆಗಳಲ್ಲಿಯೂ ಬರುವುದಿಲ್ಲ. ಇಂಥ ಸಾಮಾನ್ಯ ಜನರು ಕಷ್ಟಕಾಲದಲ್ಲಿ ತಮ್ಮ ಊರಿಗೆ ಭರವಸೆಯನ್ನು ಹೇಗೆ ತಂದುಕೊಟ್ಟರೆಂಬುದೇ ನನ್ನ ಇಂದಿನ ವಿಷಯವು.

ಭರವಸೆಯೆಂಬುದು ಬಾಯಿಂದ ಹೇಳಿ ಕೊಡತಕ್ಕ ವಸ್ತುವಲ್ಲ. ಮಳೆ ಹೋದ ವರ್ಷ ಒಕ್ಕಲಿಗನ ಮನೆಗೆ ಹೋಗಿ ‘ಧೈರ್ಯ ತಾಳಪ್ಪಾ’ ಎಂದು ಹೇಳಿಬಂದ ಮಾತ್ರಕ್ಕೆ ಅವನ ಕಣಜ ತುಂಬುವುದಿಲ್ಲ. ನಾಳಿನ ದಿನಕ್ಕಾಗಿ ಇಂದು ಏನಾದರೊಂದು ಏರ್ಪಾಡು ಕಣ್ಣಿಗೆ ಕಂಡಾಗಲೇ ಮನುಷ್ಯನ ಮನಸ್ಸು ಗಟ್ಟಿಯಾಗುತ್ತದೆ. ಹಣವಂತರ ದಾರಿಯನ್ನಾಗಲಿ ಸರಕಾರದ ದಾರಿಯನ್ನಾಗಲಿ ಕಾಯದೆ, ತಮ್ಮ ಕೈಯೊಳಗಿದ್ದ ಸಾಮಾನನ್ನೇ ಹೊಸದೊಂದು ಕೆಲಸಕ್ಕೆ ಹಚ್ಚಿ ಅಂಥ ಏರ್ಪಾಡನ್ನು ಮಾಡಿದವರು ನಮ್ಮ ಈ ಸೀಮೆಯಲ್ಲಿಯೇ ಆಗಿಹೋಗಿದ್ದಾರೆ, ಈಗಲೂ ಇದ್ದಾರೆ.

ಇದರ ಮೂಲವು ನಮಗೆ ದೂರದಲ್ಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವು ಈ ಜಿಲ್ಹೆಯ ಇಂದಿನ ಬಸವಕಲ್ಯಾಣವೇ. ಅಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಹೆಂಡತಿ ಲಕ್ಕಮ್ಮನು ಸಂತೋಷಪಡಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಚೆಲ್ಲಿ ಬಾ ಎಂದು ತಿರುಗಿಸಿ ಕಳುಹಿದಳು. ಬಡವರ ಮನೆಯ ಅಷ್ಟೇ ಅಕ್ಕಿಯಲ್ಲಿ ಶರಣರ ದಾಸೋಹವೂ ನಡೆಯಿತೆಂದು ಹೇಳುತ್ತಾರೆ. ಈ ಕಥೆಯಲ್ಲಿ ಪವಾಡವನ್ನು ಹುಡುಕುವವರು ಹುಡುಕಲಿ. ನನಗೆ ಕಾಣುವ ಅರ್ಥವಿಷ್ಟೇ: ದಾಸೋಹಕ್ಕೆ ಸಿರಿವಂತಿಕೆ ಬೇಕೆಂಬ ನೆಪವನ್ನು ಆ ತಾಯಿಯು ಒಪ್ಪಲಿಲ್ಲ. ಇದ್ದುದರಲ್ಲಿಯೇ ಹಂಚಿಕೆಯುಂಟೆಂದು ಆಕೆ ತೋರಿಸಿಕೊಟ್ಟಳು.

ಇನ್ನು ನಮ್ಮ ಅಜ್ಜ-ಮುತ್ತಜ್ಜಂದಿರ ಕಾಲಕ್ಕೆ ಬರೋಣ. 1948ರ ಸಪ್ಟಂಬರ 17ರ ವರೆಗೆ ಈ ಬೀದರ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ನಮ್ಮ ಹಿರಿಯರು ಅದನ್ನು ಮೊಗಲಾಯಿ ಎಂದು ಕರೆಯುತ್ತಿದ್ದರು. ರಾಜ್ಯದ ಕಾರಭಾರವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದದಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಸಂತೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಕೇಳುತ್ತಿದ್ದನು. ಶಾಲೆಯ ಮೆಟ್ಟಿಲೇರಿದರೆ ಅಲ್ಲಿ ಮತ್ತೊಂದು ಭಾಷೆ. ತನ್ನ ಹೊಲದ ಕಾಗದದಲ್ಲಿ ಪಟವಾರಿಯು ಏನು ಬರೆದನೆಂಬುದು ಹೊಲದ ಒಡೆಯನಿಗೇ ತಿಳಿಯುತ್ತಿರಲಿಲ್ಲ. ಅಕ್ಷರವು ತನ್ನಂಥವನಿಗಲ್ಲವೆಂದು ಒಮ್ಮೆ ಮನಸ್ಸಿಗೆ ನಾಟಿತೆಂದರೆ, ತಂದೆಯು ಮಗನ ಕೈಗೆ ಪಾಟಿಯನ್ನು ಕೊಡುವ ಬದಲು ದನದ ಹಗ್ಗವನ್ನೇ ಕೊಡುತ್ತಾನೆ. ನಿರಾಶೆಯು ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಉರ್ದು ಭಾಷೆಯ ಮೇಲೆ ನಮ್ಮ ತಕರಾರೇನೂ ಇಲ್ಲ. ಅದು ಈ ನೆಲದ ನೆರೆಹೊರೆಯವರ ಮನೆಮಾತು. 1472ರಲ್ಲಿ ಮಹಮೂದ ಗವಾನನು ಬೀದರದಲ್ಲಿ ಕಟ್ಟಿಸಿದ ಮದರಸಾವು ಇಂದಿಗೂ ನಮ್ಮ ಜಿಲ್ಹೆಯ ಹೆಮ್ಮೆಯಾಗಿ ನಿಂತಿದೆ. ಒಂದು ಮಗುವಿಗೆ ಅದರ ತಾಯ್ನುಡಿಯಲ್ಲಿ ಓದಲು ಎಡೆಯಿಲ್ಲದಂತೆ ಮಾಡಿದ್ದೇ ಅನ್ಯಾಯವು. ಆ ಮಗುವಿನ ಮನೆಮಾತು ಯಾವುದಾಗಿದ್ದರೂ ಅದು ಅನ್ಯಾಯವೇ.

ಇಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಮುಂದೆ ಬಂದರು. ಬಹುಕಾಲ ಔರಾದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಸ್ಥಳವಾಗಿರುವ ಕಮಲನಗರವೇ ಅವರ ಜನ್ಮಸ್ಥಳ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಅವರು ಕಲಿತು ಬಂದವರು. ಖಾಸಗಿ ಶಾಲೆಯನ್ನು ತೆರೆಯುವುದಕ್ಕೆ ಸರಕಾರದ ಅಪ್ಪಣೆ ಬೇಕಾಗಿದ್ದ ಆ ದಿನಗಳಲ್ಲಿ ಅವರು ಒಂದು ಉಪಾಯವನ್ನು ಮಾಡಿದರು. ಶಾಲೆಯ ಹೊರಗೆ ಉರ್ದುವಿನ ಹಲಗೆಯನ್ನು ತೂಗಹಾಕಿಸಿದರು. ಒಳಗೆ ಮಕ್ಕಳಿಗೆ ಕನ್ನಡದ ಪಾಠವನ್ನು ನಡೆಯಿಸಿದರು. ಈ ಸಂಗತಿಯು ನಮ್ಮ ಭಾಗದಲ್ಲಿ ಮನೆಮನೆಯ ಮಾತಾಗಿದೆ.

ಆ ಹಲಗೆಯ ವಿಷಯವಾಗಿ ಸ್ವಲ್ಪ ವಿಚಾರ ಮಾಡಿರಿ. ಅದು ಒಂದು ಮರದ ತುಂಡು. ಬೆಲೆಯಿಂದ ನೋಡಿದರೆ ಕೆಲವು ಆಣೆಗಳದು. ಆದರೆ ಅದರ ಮರೆಯಲ್ಲಿ ಎಷ್ಟು ಜನರ ಸಹಕಾರವು ಅಡಗಿತ್ತು! ಒಳಗೆ ನಡೆಯುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ನೂರು ಮನೆಗಳ ಗುಟ್ಟನ್ನು ಒಬ್ಬ ಸ್ವಾಮಿಯು ಕಾಯಲಾರನು, ಊರೇ ಕಾಯಬೇಕು. ಮಗನನ್ನು ಕಳುಹಿಸಿದ ತಾಯಿ, ಅಲ್ಪ ಸಂಬಳದ ಮೇಲೆ ದುಡಿದ ಮಾಸ್ತರು, ಕಂಡೂ ಕಾಣದಂತೆ ಹೋದ ನೆರೆಯವರು ಇವರೆಲ್ಲರೂ ಕೂಡಿದ್ದರಿಂದಲೇ ಆ ಶಾಲೆಯು ಬಾಳಿತು. ಪಟ್ಟದ್ದೇವರ ಹೆಗಲ ಜೋಳಿಗೆಯನ್ನು ತುಂಬಿದವರೂ ಇಂಥವರೇ. ಕಾಣಿಕೆಯು ಒಂದು ಹಿಡಿ ಜೋಳವಾಗಿರಬಹುದು, ಒಂದು ದುಡ್ಡಾಗಿರಬಹುದು. ಕೊಟ್ಟವನ ಮಟ್ಟಿಗೆ ಅದು ಶಾಲೆಯಲ್ಲಿ ತನ್ನದೊಂದು ಪಾಲು. ಜೋಳವನ್ನು ಕೊಟ್ಟವನು ಮರುದಿನ ಶಾಲೆಯು ನಡೆಯಿತೋ ಇಲ್ಲವೋ ಎಂದು ವಿಚಾರಿಸದೆ ಇರಲಾರನು. ಜೋಳಿಗೆಯ ದೊಡ್ಡ ಗುಣವೇ ಇದು: ಅದು ಧಾನ್ಯವನ್ನು ಕೂಡಿಸುವುದಲ್ಲದೆ ಕೊಟ್ಟವರ ಲಕ್ಷ್ಯವನ್ನೂ ಕೂಡಿಸುತ್ತದೆ.

ಈ ಬಗೆಯಲ್ಲಿಯೇ ಕಮಲನಗರದ ಶಾಂತಿವರ್ಧಕ ವಿದ್ಯಾಸಂಸ್ಥೆಯು ಬೆಳೆಯಿತು. ಭಕ್ತರ ಕಾಣಿಕೆಯಿಂದ ಬಸವಕಲ್ಯಾಣದಲ್ಲಿ ಅನುಭವಮಂಟಪವು ಎದ್ದು ನಿಂತಿತು. ಬೀದರ ಸೀಮೆಯು ಕನ್ನಡ ನಾಡಿನಲ್ಲಿ ಸೇರಬೇಕೆಂಬ ಕೂಗನ್ನು ಪಟ್ಟದ್ದೇವರು ಎತ್ತಿದರು. ಅದು 1956ರ ನವಂಬರ 1ರಂದು ಕೈಗೂಡಿತು. ನೂರು ವರ್ಷ ಮೀರಿ ಬಾಳಿ ಅವರು 1999ರಲ್ಲಿ ಲಿಂಗೈಕ್ಯರಾದರು.

ಇದೇ ಕಾಲದಲ್ಲಿ ಸೊಲ್ಲಾಪುರದಲ್ಲಿ ಒಬ್ಬ ಹೆಣ್ಣುಮಗಳು ಬೇರೊಂದು ಬಗೆಯಲ್ಲಿ ಇದೇ ಕೆಲಸವನ್ನು ಮಾಡುತ್ತಿದ್ದಳು. 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಶಾಲೆಯ ಓದೆಲ್ಲ ಮರಾಠಿಯಲ್ಲಿ. ಕನ್ನಡವನ್ನು ಅವರು ತಾವಾಗಿಯೇ ಕಲಿತು, ಕಲಿತುದನ್ನು ಗಡಿಯ ಜನರಿಗೆ ಹಂಚಿದರು. ಆ ತಾಯಿಯೇ 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮೊದಲ ಮಹಿಳೆಯಾದರು. ಗಡಿಯೆಂಬುದು ನಾಡಿನ ಕೊನೆಯೆಂದು ತಿಳಿಯುವವರಿದ್ದಾರೆ. ನಾಡು ಅಲ್ಲಿಂದಲೇ ಆರಂಭವಾಗುತ್ತದೆಂಬುದಕ್ಕೆ ಅವರ ಬಾಳು ಸಾಕ್ಷಿಯು.

ಸಭಿಕರೇ, ಅಕ್ಷರದ ಮಾತಾಯಿತು. ಇನ್ನು ಅನ್ನದ ಮಾತನ್ನು ಹೇಳುವೆನು. 1956ರ ವರೆಗೆ ಜಹೀರಾಬಾದವೂ ನಮ್ಮ ಬೀದರ ಜಿಲ್ಹೆಯದೇ ಆಗಿತ್ತು. ಅದು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಹೆಯಲ್ಲಿದೆ. ಗೆರೆಯು ನಡುವೆ ಬಂದರೂ ಮಣ್ಣೂ ಮಳೆಯೂ ಬಹುಮಟ್ಟಿಗೆ ಒಂದೇ. ಅಲ್ಲಿಯ ಹಳ್ಳಿಗಳಲ್ಲಿ 1980ರ ದಶಕದಿಂದ ಬಡ ಹೆಣ್ಣುಮಕ್ಕಳು, ಅವರಲ್ಲಿ ಬಹುತೇಕ ದಲಿತ ಮನೆತನದವರು, ಸಂಘಗಳನ್ನು ಕಟ್ಟಿಕೊಂಡರು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೆಂಬ ಸಂಸ್ಥೆಯು ಅವರ ಬೆನ್ನಿಗೆ ನಿಂತಿತು. ಅವರ ಪಾಲಿಗೆ ಬಂದ ಹೊಲಗಳು ಕಲ್ಲುಕಂಟಿಯ ಬೀಳುಭೂಮಿಗಳು. ತಿನ್ನುವುದಕ್ಕೆ ಪಡಿತರದ ಅಕ್ಕಿಯನ್ನು ನೆಚ್ಚಬೇಕು. ಆಗ ಆ ತಾಯಂದಿರು ತಮ್ಮ ಅತ್ತೆ-ಅಜ್ಜಿಯರು ಬಿತ್ತುತ್ತಿದ್ದ ಜೋಳ, ಸಜ್ಜೆ, ನವಣೆ, ತೊಗರಿಗಳ ಬೀಜಗಳನ್ನು ಹುಡುಕಿ ತೆಗೆದರು. ಬುಟ್ಟಿಗಳಿಗೆ ಮಣ್ಣು-ಸೆಗಣಿ ಮೆತ್ತಿ, ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ, ಬೀಜವನ್ನು ಹುಳ ಮುಟ್ಟದಂತೆ ಕಾದಿಟ್ಟರು. ಬೀಜವಿಲ್ಲದವಳು ಸಂಘದಿಂದ ಒಯ್ಯಬೇಕು. ಸುಗ್ಗಿಯಾದ ಮೇಲೆ ಒಯ್ದುದಕ್ಕೆ ಹೆಚ್ಚಳವನ್ನು ಕೂಡಿಸಿ ತಂದು ಹಾಕಬೇಕು. ಹಣದ ವಹಿವಾಟೇ ಇಲ್ಲದ ಈ ಬೀಜದ ಕಣಜವು ವರ್ಷವರ್ಷಕ್ಕೆ ತುಂಬುತ್ತ ಹೋಯಿತು. 1990ರ ದಶಕದಲ್ಲಿ ಅವರು ಬೀಳುಭೂಮಿಗಳನ್ನು ಹಸನುಮಾಡಿಸಿ, ಬೆಳೆದ ಜೋಳವನ್ನು ಊರಲ್ಲಿಯೇ ಕೂಡಿಟ್ಟು, ಮಳೆಗಾಲದ ಹಸಿವಿನ ದಿನಗಳಲ್ಲಿ ತೀರ ಬಡವರಿಗೆ ಕಡಿಮೆ ಬೆಲೆಗೆ ಕೊಡುವ ಏರ್ಪಾಡನ್ನೂ ಮಾಡಿದರು.

ಅವರ ಜಾಣ್ಮೆಯು ಇಷ್ಟಕ್ಕೇ ನಿಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಗಾಡಿಗಳನ್ನು ಸಿಂಗರಿಸಿ, ದೇವರ ಬದಲಾಗಿ ಬೀಜದ ಗಡಿಗೆಗಳನ್ನು ಅದರಲ್ಲಿಟ್ಟು, ಹಾಡುತ್ತ ಊರಿಂದೂರಿಗೆ ಜಾತ್ರೆಯನ್ನು ಹೊರಡಿಸಿದರು. ಜಾತ್ರೆಯು ನಮ್ಮ ಜನಕ್ಕೆ ಹೊಸದಲ್ಲ, ಗಾಡಿಯೂ ಹೊಸದಲ್ಲ, ಬೀಜವೂ ಹೊಸದಲ್ಲ. ಈ ಮೂರನ್ನೂ ಒಂದುಗೂಡಿಸಿದ್ದೇ ಹೊಸದು. 2008ರ ಅಕ್ಟೋಬರದಲ್ಲಿ ಮಾಚನೂರೆಂಬ ಹಳ್ಳಿಯಲ್ಲಿ ತಮ್ಮದೇ ಆದ ಸಂಘಂ ರೇಡಿಯೋವನ್ನು ತೆರೆದು, ಯಾವ ನೆಲಕ್ಕೆ ಯಾವ ಬೀಜವೆಂಬುದನ್ನು ತಮ್ಮ ಮನೆಮಾತಿನಲ್ಲಿಯೇ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. 2019ರಲ್ಲಿ ಈ ಮಹಿಳಾ ಸಂಘಗಳಿಗೆ ವಿಶ್ವಸಂಸ್ಥೆಯ ಅಂಗದಿಂದ ಈಕ್ವೇಟರ್ ಪ್ರಶಸ್ತಿಯು ಬಂದಿತು. ಪ್ರಶಸ್ತಿಯು ಬಂದುದು ದೊಡ್ಡದಲ್ಲ. ಒಂದು ಕಾಲಕ್ಕೆ ಸಾಹುಕಾರನ ಬಾಗಿಲಲ್ಲಿ ಬೀಜಕ್ಕಾಗಿ ಕೈಯೊಡ್ಡಬೇಕಾಗಿದ್ದ ಮನೆಗಳ ಹೆಣ್ಣುಮಕ್ಕಳು ಬೀಜವನ್ನು ಕೊಡುವವರಾದರು, ಅದು ದೊಡ್ಡದು.

ಪುನಃ ಭಾಲ್ಕಿಗೆ ಬರೋಣ. ಪೂಜ್ಯ ಬಸವಲಿಂಗ ಪಟ್ಟದ್ದೇವರ ಆಶ್ರಯದಲ್ಲಿ, ಹೆತ್ತವರು ಬಿಟ್ಟುಹೋದ ಹಸುಗೂಸುಗಳು ಆ ಮಠದಲ್ಲಿ ಬೆಳೆಯುತ್ತಿರುವುದನ್ನು ನೀವು ಬಲ್ಲಿರಿ. ವಿರಕ್ತರ ಮಠದಲ್ಲಿ ತೊಟ್ಟಿಲು ತೂಗುವುದುಂಟೇ ಎಂದು ಹಿಂದಿನವರು ಬೆರಗಾಗುತ್ತಿದ್ದರೇನೋ. ಆದರೆ ಯಾರಿಗೂ ಬೇಡವಾದ ಕೂಸಿಗೆ ತೊಟ್ಟಿಲು ದೊರೆಯುವುದಾದರೆ ಅದಕ್ಕಿಂತ ತಕ್ಕ ಸ್ಥಳವು ಬೇರೊಂದಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಆ ಕೂಸುಗಳಿಗೆ ಹಾಲು ಕುಡಿಸುವ ಹೆಣ್ಣುಮಕ್ಕಳ ಹೆಸರುಗಳನ್ನು ಈ ಸಭೆಯಲ್ಲಿ ಬಲ್ಲವರು ಎಷ್ಟು ಜನ? ನಾನು ಆರಂಭದಲ್ಲಿ ಹೇಳಿದ ಹೆಸರಿಲ್ಲದವರು ಇವರೇ.

ಇಷ್ಟೆಲ್ಲವನ್ನೂ ಹೇಳಿದುದು ಹಿಂದಿನವರನ್ನು ಹೊಗಳಿ ಮನೆಗೆ ಹೋಗುವುದಕ್ಕಲ್ಲ. ಔರಾದವು ಕರ್ನಾಟಕದ ಉತ್ತರದ ತುದಿ. ಮಳೆಯನ್ನೇ ನಂಬಿದ ಹೊಲಗಳು ಇಲ್ಲಿ ಬಹಳ. ಬೆಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಹೈದರಾಬಾದಕ್ಕೋ ಪುಣೆಗೋ ದುಡಿಯಲು ಹೋಗುತ್ತಾರೆ. ಬೆನ್ನಹಿಂದೆ ಮಕ್ಕಳೂ ಹೋಗುತ್ತಾರೆ. ಶಾಲೆಯ ಹಾಜರಿಪಟದಲ್ಲಿ ಹೆಸರು ಉಳಿಯುತ್ತದೆ, ಮಗುವು ಉಳಿಯುವುದಿಲ್ಲ. 2012ರ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಂವಿಧಾನದ 371ಜೆ ಕಲಮಿನ ಸವಲತ್ತು ಬಂದಿದೆ. 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿದೆ. ಸಂತೋಷವೇ. ಆದರೆ ಕಾಲೇಜಿನ ಜಾಗವನ್ನೂ ನೌಕರಿಯ ಜಾಗವನ್ನೂ ಕಾದಿಟ್ಟರೆ, ನಾಲ್ಕನೆಯ ಇಯತ್ತೆಯಲ್ಲಿಯೇ ಶಾಲೆಯನ್ನು ಬಿಟ್ಟ ಹುಡುಗನಿಗೆ ಅದರಿಂದ ಪ್ರಯೋಜನವೇನು?

ಅಂದು ಹೊರಗೆ ಪರಭಾಷೆಯ ಹಲಗೆಯಿತ್ತು, ಒಳಗೆ ಕನ್ನಡದ ಪಾಠವಿತ್ತು. ಇಂದು ಹೊರಗೆ ಕನ್ನಡದ ಹಲಗೆಯನ್ನು ತಡೆಯುವವರು ಯಾರೂ ಇಲ್ಲ. ಬೇಕಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಿಸಬಹುದು. ಒಳಗೆ ಪಾಠವಿದೆಯೇ? ಪಾಠವನ್ನು ಕೇಳುವ ಮಕ್ಕಳಿದ್ದಾರೆಯೇ? ಈ ಪ್ರಶ್ನೆಯನ್ನು ನಿಮ್ಮ ನಿಮ್ಮ ಊರಿನ ಶಾಲೆಯ ಬಾಗಿಲಲ್ಲಿ ನಿಂತು ನೀವೇ ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ.

ಈ ಮಹೋತ್ಸವದ ನೆನಪಿಗಾಗಿ ಕಲ್ಲಿನ ಕಮಾನು ಏಳುವುದಾದರೆ ಏಳಲಿ. ಅದರ ಸಂಗಡ ಮೂರು ಸಣ್ಣ ಕೆಲಸಗಳನ್ನು ಕೈಕೊಳ್ಳಬೇಕೆಂದು ಬೇಡುವೆನು. ಮೊದಲನೆಯದು: ದುಡಿಯಲು ಹೋಗುವವರ ಮಕ್ಕಳು ಊರಲ್ಲಿಯೇ ಉಳಿದು ಓದುವಂತೆ ಮಠದ ಪಡಸಾಲೆಯಲ್ಲಿ ಅವರಿಗೆ ಊಟವೂ ನೆಲೆಯೂ ಆಗಲಿ, ಮನೆಮನೆಯಲ್ಲಿ ಒಂದು ಗಡಿಗೆಯನ್ನಿಟ್ಟು, ರೊಟ್ಟಿಯ ಹಿಟ್ಟಿಗೆ ಜೋಳ ತೆಗೆಯುವಾಗ ಒಂದು ಹಿಡಿಯನ್ನು ಅದರಲ್ಲಿ ಹಾಕಿದರೆ ಆ ಖರ್ಚು ಭಾರವಾಗದು. ಎರಡನೆಯದು: ಓದು ಬಲ್ಲವರು ಒಬ್ಬೊಬ್ಬರು ಸಂಜೆಗೆ ಹತ್ತು ಮಕ್ಕಳನ್ನು ಕೂಡಿಸಿಕೊಂಡು ಒಂದು ತಾಸು ಓದಿಸಲಿ. ಮೂರನೆಯದು: ಎಳ್ಳಮಾಸೆಯ ದಿನ ನಾವು ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ, ಜಾತಿಯನ್ನು ಕೇಳದೆ ನೆರೆಯವರನ್ನು ಕರೆದು ಉಣಿಸುತ್ತೇವೆ. ಅದೇ ಬುತ್ತಿಯ ಸಂಗಡ ಮನೆಯ ಹಳೆಯ ಬೀಜವನ್ನು ಒಂದು ಬೊಗಸೆ ಒಯ್ದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳೋಣ.

ಇವು ಮೂರೂ ಸಣ್ಣವೆಂದು ತೋರಬಹುದು. ಹಲಗೆಯೂ ಸಣ್ಣದಾಗಿತ್ತು, ಲಕ್ಕಮ್ಮನ ಅಕ್ಕಿಯೂ ಸ್ವಲ್ಪವಾಗಿತ್ತು. ಬರುವ ಎಳ್ಳಮಾಸೆಗೆ ಈ ಊರಿನ ಎಷ್ಟು ಮನೆಗಳಲ್ಲಿ ಗಡಿಗೆ ಇಟ್ಟಿದ್ದಾರೆ, ಪಡಸಾಲೆಯಲ್ಲಿ ಎಷ್ಟು ಮಕ್ಕಳು ಉಳಿದಿದ್ದಾರೆಂಬುದನ್ನು ಎಣಿಸಿ ನೋಡೋಣ. ಈ ಮಹೋತ್ಸವದ ಸಾರ್ಥಕತೆಯ ಲೆಕ್ಕವು ಅಲ್ಲಿ ತಿಳಿಯುವುದು.