ಮಕ್ಕಳ ಕೈಯ ಕಾರ್ಡುಗಳು
(ನಮ್ಮ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬೆಳಗಿನ ಲೋಕಲ್ ಹಿಡಿದು ಹೊರಟರೆ ದೀಪ ಹಚ್ಚಿದ ಮೇಲೆ ಮನೆ ಸೇರುವ ಜನ. ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ನಮ್ಮ ಮಕ್ಕಳು ಏನಾಡುತ್ತಾರೆಂಬುದು ರಜೆಯ ದಿನವೇ ನಮಗೆ ತಿಳಿಯುವುದು. ಈಗ ಮೆಟ್ಟಿಲ ಮೇಲೆ ಕುಳಿತು ಅವರು ಆಡುವುದು ಪೋಕೆಮಾನ್ ಕಾರ್ಡು. ಮನೆಗೆ ಇಸ್ಪೀಟು ಬಂತೆಂದು ಹಿರಿಯರಿಗೆ ಬೇಸರ. ಕಸಿದು ಹರಿಯುವ ಮೊದಲು ಅದೇನೆಂದು ತಿಳಿಯೋಣ.

ಜಪಾನಿನ ಸತೋಶಿ ತಾಜಿರಿ ಎಂಬವರು ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದರು. ಆ ಹವ್ಯಾಸದಿಂದಲೇ 1996ರಲ್ಲಿ ಪೋಕೆಮಾನ್ ಎಂಬ ವಿಡಿಯೋ ಆಟ ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ಕಾರ್ಡುಗಳೂ ಬಂದುವು. ಮೊದಲಿಗೆ 151 ಕಲ್ಪನೆಯ ಪ್ರಾಣಿಗಳು. ಈಗ ಸಾವಿರ ದಾಟಿವೆ. ಕಾರ್ಡಿನಲ್ಲಿ ಪ್ರಾಣಿಯ ಚಿತ್ರ, ಅದರ ಬಲದ ಅಂಕ, ಹೊಡೆತದ ಅಂಕ, ಯಾವುದಕ್ಕೆ ಅಂಜುತ್ತದೆಂಬ ವಿವರ ಇರುತ್ತವೆ. ಒಬ್ಬೊಬ್ಬನಿಗೆ 60 ಕಾರ್ಡು; ಮೊದಲು ಕೈಗೆ 7, ಬಹುಮಾನವೆಂದು ಕವುಚಿಡುವುದು 6. ಎದುರಾಳಿಯ ಪ್ರಾಣಿಯನ್ನು ಕೆಡವಿದಾಗ ಬಹುಮಾನದ ಕಾರ್ಡು ಎತ್ತಬೇಕು. ಆರನ್ನೂ ಎತ್ತಿದವನು ಗೆದ್ದ. ಇದರಲ್ಲಿ ಓದು ಇದೆ, ಲೆಕ್ಕವಿದೆ, ಮುಂದಾಲೋಚನೆ ಇದೆ. ಹಣ ಕಟ್ಟುವ ಮಾತಿಲ್ಲ.

ಚಿತ್ರದ ಎಲೆ ನಮ್ಮ ನಾಡಿಗೂ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಂಬ ಎಲೆಯಾಟಕ್ಕೆ ಹೊಸ ಬಗೆಗಳನ್ನು ರಚಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದರು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ: ರಾಜ, ಮಂತ್ರಿ, ಒಂದರಿಂದ ಹತ್ತು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ ಗುರುತು. ನಾವಿರುವ ಈ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇಂಥ ಎಲೆಗಳನ್ನು ಇಂದಿಗೂ ಕೈಯಿಂದ ಚಿತ್ರಿಸುತ್ತಾರೆ.

ಹಾಗಾದರೆ ಹಾನಿ ಎಲ್ಲಿದೆ? ಮುಚ್ಚಿದ ಪೊಟ್ಟಣದಲ್ಲಿದೆ. ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಈ ಸಲ ಬಾರದ ಅಪರೂಪದ ಕಾರ್ಡು ಮುಂದಿನ ಸಲ ಬಂದೀತೆಂಬ ಆಸೆ, ಜಾತ್ರೆಯ ಅದೃಷ್ಟದ ಚೀಟಿಯ ಹಾಗೆ. 2021ರಲ್ಲಿ ಅಮೆರಿಕದ ಲೋಗನ್ ಪಾಲ್ ಒಂದೇ ಕಾರ್ಡನ್ನು 52,75,000 ಡಾಲರಿಗೆ ಪಡೆದರು. ಆ ಸುದ್ದಿ ಕೇಳಿದ ಹುಡುಗ ತನ್ನ ಪೊಟ್ಟಣದಲ್ಲೂ ಹೊನ್ನು ಇದೆಯೆಂದುಕೊಳ್ಳುತ್ತಾನೆ. ಆದರೆ ಆ ಕಾರ್ಡು ಪೊಟ್ಟಣದಲ್ಲಿ ಬಂದುದೇ ಅಲ್ಲ. ಜಪಾನಿನ ಪತ್ರಿಕೆಯೊಂದರ ಚಿತ್ರಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಕೊಟ್ಟ ಬಹುಮಾನ. ಇಲ್ಲಿ ಅಗ್ಗಕ್ಕೆ ಮಾರುವ ಬಂಗಾರ ಬಣ್ಣದ ಕಾರ್ಡುಗಳಂತೂ ಬಹುಪಾಲು ನಕಲಿ.

ಕಾಸಿಲ್ಲದ ಹುಡುಗ ಬದಿಗೆ ನಿಂತು ನೋಡುತ್ತಾನೆ. ಒಂದು ದಿನ ಅವನ ಕೈ ಅಡಿಗೆಮನೆಯ ಡಬ್ಬಿಯ ಚಿಲ್ಲರೆಗೆ ಹೋದರೆ, ಅವನನ್ನು ಬೈದು ಪ್ರಯೋಜನವೇನು? ಓವರ್‌ಟೈಮ್ ಮಾಡಿ ತಂದ ಹಣ ಹೀಗೆ ಹೋಗಬಾರದು. ಆ ಮಗುವೂ ಆಟದಿಂದ ಹೊರಗುಳಿಯಬಾರದು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಭಾನುವಾರ ಸಂಜೆ ವಾಚನಾಲಯದ ಒಂದು ಮೇಜು ಮಕ್ಕಳಿಗಿರಲಿ. ಅಲ್ಲಿ ಕಾರ್ಡಿನ ವಿನಿಮಯ ಉಂಟು, ಮಾರಾಟವಿಲ್ಲ. ಎಲ್ಲರೂ ಆಡಲು ಒಂದು ಸಾಮಾನ್ಯ ಕಟ್ಟು ಇರಲಿ. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಗಂಡಭೇರುಂಡ, ಶರಭ, ಮಕರಗಳನ್ನು ಮಕ್ಕಳೇ ಬರೆಯಲಿ. ಬಲವೆಷ್ಟು, ಅಂಜಿಕೆ ಯಾವುದಕ್ಕೆಂದು ಎರಡು ಸಾಲು ಕನ್ನಡದಲ್ಲಿ ಸೇರಿಸಲಿ. ಮರಾಠಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇದಕ್ಕಿಂತ ಸುಲಭದ ಅಕ್ಷರಾಭ್ಯಾಸ ಕಾಣೆವು.

ರಟ್ಟು, ಬಣ್ಣದ ಪೆನ್ಸಿಲು ಇದ್ದವರು ತಂದುಕೊಡಿರಿ. ಒಂದು ಗಂಟೆ ಕುಳಿತುಕೊಳ್ಳಬಲ್ಲವರು ಹೆಸರು ಕೊಡಿರಿ.