ತಂಪಾನೂರಿನ ಕಾಫಿ ಹೌಸ್ ಮತ್ತು ನಿಮ್ಮ ಚಾನೆಲ್



ಕಾಸರಗೋಡಿನವರಾದ ನಮಗೆ ತಂಪಾನೂರು ಎಂದರೆ ರಾಜಧಾನಿಯ ಹೊಸ್ತಿಲು. ಸಂಜೆ ಮಾವೇಲಿ ರೈಲನ್ನೋ ಮಲಬಾರ್ ರೈಲನ್ನೋ ಹತ್ತಿದರೆ ಬೆಳಗ್ಗೆ ತಿರುವನಂತಪುರ ಸೆಂಟ್ರಲ್. ಎದುರಿಗೇ ಕೆಎಸ್‌ಆರ್‌ಟಿಸಿ ನಿಲ್ದಾಣ, ಅದರ ಮಗ್ಗುಲಲ್ಲಿ ಇಟ್ಟಿಗೆಯ ದುಂಡು ಗೋಪುರದಂಥ ಇಂಡಿಯನ್ ಕಾಫಿ ಹೌಸ್. ಸೆಕ್ರೆಟರಿಯೇಟಿನಲ್ಲಿ ಸಿಕ್ಕಿಬಿದ್ದ ಕಡತದ ಬೆನ್ನು ಹತ್ತಿಯೋ, ಪಿಎಸ್‌ಸಿ ಸಂದರ್ಶನಕ್ಕೋ ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಹಲವರು ಮುಂದೆ ಅಲ್ಲಿ ಇಳಿಯುವವರೇ. ಇಳಿದಾಗ ಆ ಗೋಪುರದೊಳಗೆ ಹೋಗಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ್ದು. ಅಲ್ಲಿ ಮಹಡಿ, ಮೆಟ್ಟಿಲು ಎಂಬುದೇ ಇಲ್ಲ. ಒಂದೇ ಇಳಿಜಾರು ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ಅದರ ಉದ್ದಕ್ಕೂ ಗೋಡೆಗೆ ಸೇರಿದಂತೆ ಮೇಜು, ಬೆಂಚು. ಇಟ್ಟಿಗೆಯ ಕಿಂಡಿಗಳಿಂದ ಗಾಳಿ, ಬೆಳಕು. ಬಿಳಿ ಸಮವಸ್ತ್ರ, ಬೀಸಣಿಗೆಯಂತೆ ನೆರಿಗೆ ಹಿಡಿದ ಪೇಟ ತೊಟ್ಟವರು ತಟ್ಟೆ ಹಿಡಿದು ಆ ಏರಿನಲ್ಲಿ ಓಡಾಡುತ್ತಿರುತ್ತಾರೆ. ಮಸಾಲೆದೋಸೆಯ ಪಲ್ಯ ಬೀಟ್‌ರೂಟಿನಿಂದ ಕೆಂಪಗಿರುತ್ತದೆ. ನಮ್ಮ ಕಡೆಯ ನಾಲಿಗೆಗೆ ಅದು ಒಗ್ಗುವುದು ಕಷ್ಟ, ಇರಲಿ.

ನಾನು ಇಂದು ಮಾತಾಡಬೇಕಾದದ್ದು ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಲ್ಲಿ ಜನ ಸೇರಿಸಿ ಸ್ವಂತ ವ್ಯಾಪಾರ ತೆಗೆಯುವ ಬಗ್ಗೆ. ಕಾಫಿ ಹೌಸಿಗೂ ಅದಕ್ಕೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಹೇಳುತ್ತೇನೆ.

ಈ ಕಾಫಿ ಹೌಸ್‌ಗಳು ಮೊದಲು ಕಾಫಿ ಬೋರ್ಡಿನವು. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಿತು. ಲೋಟ ತೊಳೆಯುವವರಿಂದ ಹಿಡಿದು ಕಾಫಿ ತರುವವರವರೆಗೆ ಎಲ್ಲರ ಕೆಲಸವೂ ಹೋಯಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಆ ನೌಕರರೇ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಕೇರಳದ ಮೊದಲ ಕಾಫಿ ಹೌಸ್ ತ್ರಿಶೂರಿನಲ್ಲಿ 1958ರ ಮಾರ್ಚಿನಲ್ಲಿ ತೆರೆಯಿತು. ಅದುವರೆಗೆ ಕಟ್ಟಡ ಬೋರ್ಡಿನದು, ಹೆಸರು ಬೋರ್ಡಿನದು, ಸಂಬಳವೂ ಬೋರ್ಡಿನದಾಗಿತ್ತು. ನೌಕರರ ಬಳಿ ಉಳಿದದ್ದು ಕೈಕೆಲಸ ಮತ್ತು ಮುಖಪರಿಚಯ: ಯಾರಿಗೆ ಸಕ್ಕರೆ ಕಡಿಮೆ, ಯಾರು ಒಂದು ಕಾಫಿಗೆ ಎರಡು ಗಂಟೆ ಕೂರುತ್ತಾರೆ ಎಂಬ ತಿಳಿವಳಿಕೆ. ಅಷ್ಟೇ ಬಂಡವಾಳದಲ್ಲಿ ಅವರು ಮಾಲೀಕರಾದರು. ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಹಳೆಯ ಜಾಗ ಬಿಡಬೇಕಾಗಿ ಬಂದಾಗಲೂ ಚರ್ಚ್ ಸ್ಟ್ರೀಟಿಗೆ ಹೋಗಿ ಒಲೆ ಹಚ್ಚಿತು. ಹಳೆಯ ಗಿರಾಕಿಗಳು ಅಲ್ಲಿಗೂ ಬಂದರು.

ಈಗ 2020ರ ಜೂನ್ 29ಕ್ಕೆ ಬನ್ನಿ. ಅಂದು ಕೇಂದ್ರ ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಒಂದು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಬೆಳಗಾಗುವಷ್ಟರಲ್ಲಿ ಬರಿಗೈಯಾದರು. ಕಾಫಿ ಹೌಸಿನವರಿಗೆ ಗಿರಾಕಿಗಳ ಮುಖ ಗೊತ್ತಿತ್ತು; ಇವರನ್ನು ನೋಡುತ್ತಿದ್ದವರು ಯಾರು, ಯಾವ ಊರಿನವರು ಎಂಬುದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಂಪನಿಗೆ. ಅದಕ್ಕೂ ಮೊದಲು, 2018ರಲ್ಲಿ, ಯೂಟ್ಯೂಬ್ ತನ್ನ ನಿಯಮ ಬದಲಿಸಿ 1,000 ಚಂದಾದಾರರು ಮತ್ತು ವರ್ಷಕ್ಕೆ 4,000 ಗಂಟೆಗಳ ವೀಕ್ಷಣೆ ಇಲ್ಲದ ಚಾನೆಲ್‌ಗಳಿಗೆ ಜಾಹೀರಾತಿನ ಪಾಲು ನಿಲ್ಲಿಸಿತ್ತು. ಸಣ್ಣವರು ಏನೂ ಮಾಡುವಂತಿರಲಿಲ್ಲ.

ಹಾಗೆಂದು ಚಾನೆಲ್ ಬೇಡ ಎನ್ನುವ ಮುದುಕ ನಾನಲ್ಲ. ನಮ್ಮ ಜಿಲ್ಲೆಯ ಸುದರ್ಶನ್ ಭಟ್ ಬೆದ್ರಡಿ ಮತ್ತು ಅವರ ಸಂಗಾತಿಗಳ ‘ಭಟ್ ಎನ್ ಭಟ್’ ಚಾನೆಲ್ ನೋಡದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಲಾಕ್‌ಡೌನ್ ಕಾಲದಲ್ಲಿ ಶುರುವಾದದ್ದು. ಗುಜ್ಜೆ, ಪತ್ರೊಡೆ, ಬಾಳೆದಿಂಡು, ಎಲ್ಲವೂ ನಮ್ಮ ಹಿತ್ತಲಿನವೇ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಅಡುಗೆಯಲ್ಲ, ಭಾಷೆ. ಗಡಿನಾಡಿನ ಕನ್ನಡಿಗರು ನಾವು. ತಂಪಾನೂರಿನಲ್ಲಿ ಇಳಿದು ಕನ್ನಡದ ಅರ್ಜಿ ಕೊಟ್ಟರೆ ಓದುವವರನ್ನು ಹುಡುಕಬೇಕು. ಆದರೆ ಮೊಬೈಲಿನಲ್ಲಿ ತಲಪಾಡಿಯ ಗಡಿ ಇಲ್ಲ. ಶಿರಸಿಯಲ್ಲಿ, ಬೆಂಗಳೂರಿನಲ್ಲಿ, ದುಬೈಯಲ್ಲಿ ನಮ್ಮ ಊರ ಕನ್ನಡವನ್ನೇ ಕೇಳಲು ಕೂತವರಿದ್ದಾರೆ. ಮಲಯಾಳವೋ ಇಂಗ್ಲಿಷೋ ಬಂದರೆ ಮಾತ್ರ ಮಾರುಕಟ್ಟೆ ಎಂದು ನಿಮಗೆ ಹೇಳಿದವರ ಮಾತನ್ನು ಇನ್ನೊಮ್ಮೆ ಪರೀಕ್ಷಿಸಿ.

ಇನ್ನೊಬ್ಬರು ಕೋಟ್ಟಯಂ ಜಿಲ್ಲೆಯ ಸಂತೋಷ್ ಜಾರ್ಜ್ ಕುಳಂಗರ. ಕ್ಯಾಮೆರಾ ಹಿಡಿದು ಒಬ್ಬರೇ ದೇಶ ಸುತ್ತಿ 2001ರಲ್ಲಿ ಏಷ್ಯಾನೆಟ್‌ನಲ್ಲಿ ‘ಸಂಚಾರಂ’ ಶುರು ಮಾಡಿದರು. ಸ್ವಂತ ಸಫಾರಿ ಚಾನೆಲ್ ಬಂದದ್ದು 2013ರಲ್ಲಿ. ನಡುವೆ ಹನ್ನೆರಡು ವರ್ಷ ಬೇರೆಯವರ ಚಾನೆಲ್ಲಿನಲ್ಲಿ ತಮ್ಮ ಜನರನ್ನು ಸಂಪಾದಿಸಿಕೊಂಡರು. ಮೂರು ತಿಂಗಳಲ್ಲಿ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡುತ್ತೇವೆ ಎಂದು ಕೋರ್ಸ್ ಮಾರುವವರು ಈ ಹನ್ನೆರಡು ವರ್ಷದ ಸುದ್ದಿ ಎತ್ತುವುದಿಲ್ಲ.

ನಿಮ್ಮಲ್ಲೊಬ್ಬಳು ಹಲಸಿನ ಹಪ್ಪಳದ ವ್ಯಾಪಾರ ಮಾಡುತ್ತಾಳೆ ಎನ್ನೋಣ. ಅಜ್ಜಿ ಸೊಳೆ ಬಿಡಿಸಿ, ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸುವ ವಿಡಿಯೊ ಏಪ್ರಿಲಿನಲ್ಲಿ ಹಾಕಿದಳು. ಅದು ಓಡಿತು. ಓಡುವ ಹೊತ್ತಿಗೆ ಜೂನ್ ಬಂತು, ಮಳೆ ಹಿಡಿಯಿತು. ಬಿಸಿಲಿಲ್ಲದೆ ಹಪ್ಪಳವಿಲ್ಲ. ‘ಎಲ್ಲಿ ಸಿಗುತ್ತದೆ’ ಎಂದು ಸಾವಿರ ಕಾಮೆಂಟು. ಮನೆಯ ಡಬ್ಬಿಯಲ್ಲಿ ಇರುವುದು ಇಪ್ಪತ್ತು ಕಟ್ಟು. ಈಗ ಅವಳು ಪೇಟೆಯಿಂದ ಯಾರದೋ ಹಪ್ಪಳ ತಂದು ಅಜ್ಜಿಯ ಹೆಸರಿನಲ್ಲಿ ಕಳಿಸಿದರೆ ಅಲ್ಲಿಗೆ ಮುಗಿಯಿತು. ‘ಇಪ್ಪತ್ತೇ ಇದೆ, ಉಳಿದವರು ಹೆಸರು, ಫೋನ್ ನಂಬರ್ ಕೊಡಿ, ಬರುವ ಬೇಸಿಗೆಯಲ್ಲಿ ನಿಮಗೇ ಮೊದಲು’ ಎಂದರೆ ಸಾವಿರದಲ್ಲಿ ಐವತ್ತು ಜನ ಕೊಡಬಹುದು. ಆ ಐವತ್ತೇ ಅವಳ ಅಂಗಡಿ. ಆಪ್ ನಾಳೆ ಮುಚ್ಚಿದರೂ ಆ ಐವತ್ತು ನಂಬರ್ ಅವಳ ಪುಸ್ತಕದಲ್ಲಿ ಇರುತ್ತವೆ. ಲಕ್ಷ ಜನ ನೋಡಿದರು ಎಂಬುದು ಸಂತೋಷದ ಸಂಗತಿ. ಎರಡನೆಯ ಸಲ ಯಾರು ಕೊಂಡರು ಎಂಬುದು ಲೆಕ್ಕದ ಸಂಗತಿ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ತಿನ್ನುವ ವಸ್ತು ಮಾರುವುದಾದರೆ ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಹಣವೋ ಉಡುಗೊರೆಯೋ ಪಡೆದು ಬೇರೆಯವರ ಸರಕನ್ನು ಹೊಗಳಿದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಲೇಬೇಕು. 2023ರಿಂದ ಕೇಂದ್ರದ ಮಾರ್ಗಸೂಚಿ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಗ್ರಾಹಕ ಪ್ರಾಧಿಕಾರಕ್ಕಿದೆ. ಕೂದಲು ಬೆಳೆಸುವ ಎಣ್ಣೆಯವರು ನಿಮ್ಮ ಬಳಿಗೆ ಮೊದಲು ಬರುತ್ತಾರೆ, ನೋಡುತ್ತಿರಿ.

ಕೊನೆಗೆ, ಮುಂದಿನ ಸಾಲಿನಲ್ಲಿ ಕೂತ ಅಪ್ಪ ಅಮ್ಮಂದಿರಿಗೆ, ಮಾವ ಅತ್ತೆಯಂದಿರಿಗೆ ಒಂದು ವಿನಂತಿ. ಮಗ ಫೋನ್ ಹಿಡಿದು ಕೂತಿದ್ದಾನೆ ಎಂದು ಗದರಿಸುವ ಮೊದಲು ಏನು ಮಾಡುತ್ತಿದ್ದಾನೆ ಎಂದು ಪಕ್ಕ ಕೂತು ನೋಡಿ. ಮಗಳು ಹಪ್ಪಳ ಮಾರಲು ಹೊರಟರೆ ‘ನಮಗೆರಡು ಕಟ್ಟು ಹಾಗೇ ಕೊಡು’ ಎನ್ನಬೇಡಿ. ಪೂರ್ತಿ ದುಡ್ಡು ಕೊಟ್ಟು ಕೊಳ್ಳಿ, ಚೆನ್ನಾಗಿಲ್ಲದಿದ್ದರೆ ಮುಖದ ಮೇಲೆ ಹೇಳಿ. ಪದವೀಧರರೇ, ಅಂಗಡಿ ತೆರೆದ ದಿನ ನನಗೂ ತಿಳಿಸಿ, ನಾನೂ ದುಡ್ಡು ಕೊಟ್ಟೇ ಕೊಳ್ಳುತ್ತೇನೆ.